ಮೂಗಿನ ಅಲರ್ಜಿಗೆ ಸಹಜ ಉಪಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ನೀರಿನಂತೆ ಸೋರುವ ಮೂಗು, ಉಜ್ಜಿ ಉಜ್ಜಿ ಕೆಂಪಾದ ಕಣ್ಣು. ಇದನ್ನು ವರ್ಷಗಟ್ಟಲೆ ಅನುಭವಿಸುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತವೆ. ಅವುಗಳಿಗೆ ಉತ್ತರ ಇಲ್ಲಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸಹಜ ಉಪಾಯ ಅಂದರೆ ಮುಖ್ಯವಾಗಿ ಎರಡೇ ಕೆಲಸ. ಅಲರ್ಜಿ ತರುವ ವಸ್ತು ಮೂಗಿಗೆ ಹೋಗದಂತೆ ತಡೆಯುವುದು, ಹೋಗಿದ್ದನ್ನು ತೊಳೆದು ತೆಗೆಯುವುದು. ನುಂಗುವ, ಮೂಸುವ, ಹಚ್ಚುವ ಉಪಾಯಗಳೆಲ್ಲ ಆಮೇಲೆ.

ಇದು ನೆಗಡಿಯೋ ಅಲರ್ಜಿಯೋ ಅಂತ ಗೊತ್ತಾಗೋದು ಹೇಗೆ?

ತುರಿಕೆ ಇದೆಯಾ ನೋಡಿ. ಅಲರ್ಜಿಯಲ್ಲಿ ಮೂಗು, ಕಣ್ಣು, ಬಾಯಿಯ ಅಂಗುಳ, ಕೆಲವರಿಗೆ ಕಿವಿಯ ಒಳಗೂ ತುರಿಸುತ್ತದೆ. ನೆಗಡಿಯಲ್ಲಿ ಹೀಗೆ ಆಗುವುದು ಅಪರೂಪ. ಅಲ್ಲಿ ಗಂಟಲು ನೋವು, ಮೈಕೈ ನೋವು, ಒಮ್ಮೊಮ್ಮೆ ಜ್ವರ ಇರುತ್ತದೆ. ಅಲರ್ಜಿಯಿಂದ ಜ್ವರ ಬರುವುದಿಲ್ಲ.

ಎಷ್ಟು ದಿನ ಇರುತ್ತದೆ ಅನ್ನುವುದೂ ಸುಳಿವು. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಇಳಿಯುತ್ತದೆ. ಅಲರ್ಜಿ ವಾರಗಟ್ಟಲೆ ಎಳೆಯುತ್ತದೆ, ಇಲ್ಲವೇ ಪ್ರತಿ ವರ್ಷ ಅದೇ ಕಾಲಕ್ಕೆ ಹಾಜರಾಗುತ್ತದೆ. "ನನಗೆ ತಿಂಗಳಿಗೆ ಎರಡು ಸಲ ನೆಗಡಿ" ಅನ್ನುವ ಅನೇಕರಿಗೆ ಇರುವುದು ನೆಗಡಿಯೇ ಅಲ್ಲ.

ಮೂಗಿನೊಳಗೆ ಅಸಲಿಗೆ ಆಗೋದೇನು?

ಹೂವಿನ ಪರಾಗವೋ, ಧೂಳಿನ ಹುಳದ ಹಿಕ್ಕೆಯೋ ಮೂಗಿನ ಒಳಪದರದ ಮೇಲೆ ಬಂದು ಕೂರುತ್ತದೆ. ಅದರಿಂದ ದೇಹಕ್ಕೆ ಯಾವ ಅಪಾಯವೂ ಇಲ್ಲ. ಆದರೆ ಅಲರ್ಜಿ ಇರುವವರ ದೇಹ ಅದನ್ನು ಶತ್ರು ಅಂತ ತಿಳಿದು, ಐಜಿಇ ಅನ್ನುವ ಪ್ರತಿಕಾಯವನ್ನು ಮೊದಲೇ ತಯಾರಿಸಿ ಇಟ್ಟಿರುತ್ತದೆ. ಈ ಐಜಿಇ ಮೂಗಿನ ಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಅಂಟಿಕೊಂಡು ಕಾಯುತ್ತಿರುತ್ತದೆ. ಪರಾಗ ಬಂದು ತಾಗಿದ ಕೆಲವೇ ನಿಮಿಷದಲ್ಲಿ ಆ ಕೋಶಗಳು ಹಿಸ್ಟಮೈನ್ ಹೊರಗೆ ಸುರಿಯುತ್ತವೆ. ಸೀನು, ತುರಿಕೆ, ಸೋರಿಕೆ ಎಲ್ಲ ಅದರ ಕೆಲಸ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. 4ರಿಂದ 8 ಗಂಟೆ ಕಳೆದ ಮೇಲೆ ಎರಡನೇ ಸುತ್ತು ಬರುತ್ತದೆ. ಆಗ ಊತ ಜಾಸ್ತಿ, ಮೂಗು ಕಟ್ಟುವುದೂ ಜಾಸ್ತಿ. ಸಂಜೆ ಧೂಳಿನಲ್ಲಿ ಓಡಾಡಿ ರಾತ್ರಿ ಮಲಗಿದಾಗ ಮೂಗು ಕಟ್ಟಿದರೆ ಅದಕ್ಕೆ ಇದೂ ಒಂದು ಕಾರಣ.

ಈ ಕಾಯಿಲೆಯನ್ನು ಮೊದಲು ಚೆನ್ನಾಗಿ ವಿವರಿಸಿದವರು ಇಂಗ್ಲಿಷ್ ವೈದ್ಯ ಜಾನ್ ಬೋಸ್ಟಾಕ್, 1819ರಲ್ಲಿ. ಅವರು ಬರೆದಿದ್ದು ತಮ್ಮದೇ ಮೂಗು ಮತ್ತು ಕಣ್ಣಿನ ಕಥೆ. ಇದಕ್ಕೆ ಪರಾಗವೇ ಕಾರಣ ಅಂತ ಇನ್ನೊಬ್ಬ ಇಂಗ್ಲಿಷ್ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತೋರಿಸಿದ್ದು 1873ರಲ್ಲಿ. ಅವರೂ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು.

ನನಗೆ ಯಾವುದರಿಂದ ಅಲರ್ಜಿ ಅಂತ ನಾನೇ ಕಂಡುಹಿಡಿಯಬಹುದಾ?

ಅರ್ಧದಷ್ಟು ಕೆಲಸ ನೀವೇ ಮಾಡಬಹುದು. ಯಾವ ಹೊತ್ತು, ಯಾವ ಜಾಗ, ಯಾವ ಕೆಲಸ ಮಾಡುವಾಗ ಸೀನು ಬಂತು ಅಂತ ಕೆಲವು ವಾರ ಬರೆದಿಡಿ. ವರ್ಷವಿಡೀ ಇದ್ದು, ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಜೋರಾದರೆ ಧೂಳಿನ ಹುಳದ ಮೇಲೆ ಅನುಮಾನ ಪಡಿ. ವರ್ಷದ ಒಂದೇ ಕಾಲದಲ್ಲಿ, ಹೊರಗೆ ಹೋದಾಗ ಬಂದರೆ ಪರಾಗ. ತೇವದ ಗೋಡೆ, ಹಳೆ ಪುಸ್ತಕದ ಕೋಣೆ ಅಂದರೆ ಬೂಷ್ಟು. ಬೆಕ್ಕು ಇರುವ ಮನೆಗೆ ಹೋದಾಗ ಮಾತ್ರ ಅಂದರೆ ಉತ್ತರ ನಿಮಗೇ ಗೊತ್ತು.

ಖಚಿತ ಆಗಬೇಕಾದರೆ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತದಲ್ಲಿ ಐಜಿಇ ನೋಡುವ ಪರೀಕ್ಷೆ ಇದೆ. ಚರ್ಮದ ಪರೀಕ್ಷೆಗೆ ಮುಂಚೆ ಅಲರ್ಜಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ವೈದ್ಯರನ್ನು ಕೇಳಿ. ಎಲ್ಲರಿಗೂ ಪರೀಕ್ಷೆ ಬೇಕಿಲ್ಲ. ಆದರೆ ಕಾರಣ ಗೊತ್ತಿಲ್ಲದೆ ಮನೆಯೆಲ್ಲ ಬದಲಾಯಿಸಲು ಹೊರಡುವ ಮುಂಚೆ ಮಾಡಿಸುವುದು ಜಾಣತನ.

ಒಂದೇ ಒಂದು ಸಹಜ ಉಪಾಯ ಮಾಡಬೇಕು ಅಂದ್ರೆ ಯಾವುದು?

ಉಪ್ಪುನೀರಿನಿಂದ ಮೂಗು ತೊಳೆಯುವುದು. ಯೋಗದಲ್ಲಿ ಜಲನೇತಿ ಅನ್ನುತ್ತಾರಲ್ವಾ, ಅದೇ. ಇದರ ಬಗ್ಗೆ ಅಧ್ಯಯನಗಳು ಆಗಿವೆ, ಮೂಗಿನ ವೈದ್ಯರೂ ಹೇಳುತ್ತಾರೆ. ಅಗ್ಗ, ಸರಳ, ಮಕ್ಕಳಿಗೂ ದೊಡ್ಡವರಿಗೂ ಆಗುತ್ತದೆ, ಔಷಧಿ ತೆಗೆದುಕೊಳ್ಳುವವರೂ ಜೊತೆಗೆ ಮಾಡಬಹುದು.

ಕೆಲಸ ಮಾಡುವ ರೀತಿ ಸರಳ. ಪದರದ ಮೇಲೆ ಕೂತ ಪರಾಗ, ಧೂಳು, ಹಿಸ್ಟಮೈನ್ ತುಂಬಿದ ಲೋಳೆ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಮೂಗಿನಲ್ಲಿ ಕಸ ಸಾಗಿಸುವ ಸಣ್ಣ ರೋಮಗಳಿಗೂ ಕೆಲಸ ಹಗುರಾಗುತ್ತದೆ. ಹೊರಗಿನಿಂದ ಬಂದ ಕೂಡಲೇ ತೊಳೆದರೆ ಲಾಭ ಹೆಚ್ಚು, ಯಾಕೆಂದರೆ ಆಗ ತಾನೇ ಕೂತದ್ದನ್ನು ತೆಗೆಯುತ್ತಿದ್ದೀರಿ.

ಉಪ್ಪುನೀರು ಮಾಡೋದು ಹೇಗೆ?

ಮೈಯೊಳಗಿನ ದ್ರವದ ಉಪ್ಪಿನಂಶಕ್ಕೆ ಹೊಂದಬೇಕು ಅಂದರೆ ಶೇ. 0.9, ಅಂದರೆ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು. ತೂಕದ ಯಂತ್ರ ಇಲ್ಲದಿದ್ದರೆ 250 ಮಿ.ಲೀ. ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು. ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ. ಅಯೋಡಿನ್ ಇಲ್ಲದ, ಗಂಟು ಕಟ್ಟದಿರಲು ಪುಡಿ ಬೆರೆಸದ ಶುದ್ಧ ಉಪ್ಪು ಸಿಕ್ಕರೆ ಒಳ್ಳೆಯದು, ಬೆರಕೆಗಳು ಕೆಲವರ ಮೂಗಿಗೆ ಚುರುಗುಟ್ಟುತ್ತವೆ. ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಔಷಧಿ ಅಂಗಡಿಯಲ್ಲಿ ಅಳತೆ ಮಾಡಿದ ಪೊಟ್ಟಣಗಳು ಸಿಗುತ್ತವೆ.

ನಲ್ಲಿ ನೀರು ಹಾಗೇ ಬಳಸಬಹುದಾ?

ಬೇಡ. ಇದರಲ್ಲಿ ರಾಜಿ ಇಲ್ಲ.

ನೇಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಆ ನೀರನ್ನು ಕುಡಿದರೆ ಅದರಿಂದ ಏನೂ ಆಗುವುದಿಲ್ಲ. ಮೂಗಿನ ಮೇಲ್ಭಾಗಕ್ಕೆ ಹೋದರೆ ವಾಸನೆಯ ನರದ ಗುಂಟ ಮಿದುಳಿಗೆ ಏರುತ್ತದೆ. ಬಹಳ ಅಪರೂಪ, ಆದರೆ ಬಂದವರಲ್ಲಿ ಉಳಿಯುವವರು ತೀರಾ ಕಡಿಮೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿಕೊಂಡ ಇಬ್ಬರು ಹೀಗೆ ತೀರಿಕೊಂಡರು.

ನೀರನ್ನು ಕೊತಕೊತ ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಕುದಿಸಿ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರಿಗಿಂತ ಎತ್ತರದಲ್ಲಿದ್ದರೆ 3 ನಿಮಿಷ. ಉಗುರುಬೆಚ್ಚಗೆ ಆರಿಸಿ ಬಳಸಿ. ಮುಚ್ಚಿದ ಶುಭ್ರ ಪಾತ್ರೆಯಲ್ಲಿ ಇಟ್ಟರೆ 24 ಗಂಟೆಯೊಳಗೆ ಮುಗಿಸಿ. ಅಂಗಡಿಯ ಡಿಸ್ಟಿಲ್ಡ್ ನೀರೂ ಆಗುತ್ತದೆ. ಮನೆಯ ಸಾಮಾನ್ಯ ಫಿಲ್ಟರ್ ನೀರನ್ನು ನಂಬಬೇಡಿ, ಅದನ್ನೂ ಕುದಿಸಿ.

ಮೂಗು ತೊಳೆದಾಗ ಉರಿಯುತ್ತದೆ, ಕಿವಿ ಗುಂಯ್ ಅನ್ನುತ್ತದೆ. ಏನು ತಪ್ಪು ಮಾಡ್ತಿದ್ದೇನೆ?

ಉರಿ ಬಂದರೆ ಉಪ್ಪಿನ ಅಳತೆ ತಪ್ಪಿದೆ, ಇಲ್ಲವೇ ನೀರು ತೀರಾ ತಣ್ಣಗೋ ಬಿಸಿಯೋ ಇದೆ. ಉಪ್ಪು ಹಾಕದ ಬರೀ ನೀರು ಹೆಚ್ಚು ಉರಿಸುತ್ತದೆ, ಇದು ಅನೇಕರಿಗೆ ಗೊತ್ತಿರುವುದಿಲ್ಲ.

ಕಿವಿಯ ತೊಂದರೆಗೆ ಒತ್ತಡ ಕಾರಣ. ಸಿಂಕಿನ ಮೇಲೆ ಮುಂದಕ್ಕೆ ಬಾಗಿ. ತಲೆಯನ್ನು ಒಂದು ಬದಿಗೆ ವಾಲಿಸಿ, ಬಾಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಕೆಳಗಿನ ಹೊಳ್ಳೆಯಿಂದ ಅದು ಬರುತ್ತದೆ. ಆ ಹೊತ್ತಿನಲ್ಲಿ ಮಾತಾಡಬೇಡಿ, ನುಂಗಬೇಡಿ, ತಲೆ ಹಿಂದಕ್ಕೆ ಎತ್ತಬೇಡಿ. ಬಾಟಲಿಯನ್ನು ಜೋರಾಗಿ ಹಿಂಡುವುದೂ ಬೇಡ. ಮುಗಿದ ಮೇಲೆ ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಮೂಗು ಸೀಟಿ. ಒಂದನ್ನು ಅದುಮಿ ಜೋರಾಗಿ ಸೀಟಿದರೆ ನೀರು ಕಿವಿಯ ಕೊಳವೆಗೆ ಹೋಗುತ್ತದೆ.

ಮಲಗುವ ಸ್ವಲ್ಪ ಮುಂಚೆಯೇ ಮಾಡಿ. ಮಾಡಿ ಕೂಡಲೇ ದಿಂಬಿಗೆ ತಲೆ ಇಟ್ಟರೆ ಒಳಗೆ ಉಳಿದ ನೀರು ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ.

ದಿನಕ್ಕೆ ಎಷ್ಟು ಸಲ? ಯಾರು ಮಾಡಬಾರದು?

ಕಾಟ ಇರುವ ದಿನಗಳಲ್ಲಿ ಒಂದು ಅಥವಾ ಎರಡು ಸಲ ಸಾಕು. ಮೂಗು ಪೂರ್ತಿ ಬಂದ್ ಆಗಿದ್ದರೆ ನೀರು ನುಗ್ಗಿಸಬೇಡಿ. ಇತ್ತೀಚೆಗೆ ಮೂಗು ಅಥವಾ ಕಿವಿಯ ಶಸ್ತ್ರಚಿಕಿತ್ಸೆ ಆದವರು, ಪದೇ ಪದೇ ಮೂಗಿನಲ್ಲಿ ರಕ್ತ ಬರುವವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ಮೂಗಿಗೆ ಔಷಧಿ ಸ್ಪ್ರೇ ಹಾಕುವವರು ಮೊದಲು ತೊಳೆದು ಆಮೇಲೆ ಸ್ಪ್ರೇ ಹಾಕಲಿ, ಇಲ್ಲದಿದ್ದರೆ ಔಷಧಿಯೇ ಕೊಚ್ಚಿ ಹೋಗುತ್ತದೆ.

ಪ್ರತಿ ಸಲ ಬಾಟಲಿಯನ್ನೋ ನೇತಿ ಪಾತ್ರೆಯನ್ನೋ ತೊಳೆದು ಪೂರ್ತಿ ಒಣಗಿಸಿಡಿ. ಒದ್ದೆ ಬಾಟಲಿ ಅಂದರೆ ಬ್ಯಾಕ್ಟೀರಿಯಾಗಳಿಗೆ ಮನೆ.

ದಿನಾ ಗುಡಿಸಿ ಒರೆಸುತ್ತೇನೆ, ಆದರೂ ಧೂಳಿನ ಅಲರ್ಜಿ ಯಾಕೆ ಹೋಗಲ್ಲ?

ಕಣ್ಣಿಗೆ ಕಾಣುವ ಧೂಳು ನಿಮ್ಮ ಮುಖ್ಯ ವೈರಿ ಅಲ್ಲ. ಧೂಳಿನ ಹುಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದರ ಊಟ ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು. ಆ ಹೊಟ್ಟು ಎಲ್ಲಿ ಹೆಚ್ಚು ಬೀಳುತ್ತದೆ? ರಾತ್ರಿ ಏಳೆಂಟು ಗಂಟೆ ಹೊರಳಾಡುವ ಹಾಸಿಗೆಯಲ್ಲಿ. ಹುಳ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದರ ಹಿಕ್ಕೆಯಲ್ಲಿರುವ ಪ್ರೋಟೀನು ನಮಗೆ ಅಲರ್ಜಿ ತರುತ್ತದೆ. ಅಂದರೆ ಹಾಲ್ ಎಷ್ಟು ಮಿರಿಮಿರಿ ಹೊಳೆದರೂ ದಿಂಬು ಹಾಗೇ ಇದ್ದರೆ ಉಪಯೋಗ ಕಡಿಮೆ.

ಆದ್ದರಿಂದ ಶ್ರಮವನ್ನೆಲ್ಲ ಮಲಗುವ ಕೋಣೆಗೆ ಹಾಕಿ. ಹೊದಿಕೆ, ದಿಂಬಿನ ಚೀಲ ವಾರಕ್ಕೊಮ್ಮೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ, ತಣ್ಣೀರಿಗೆ ಹುಳ ಸಾಯುವುದಿಲ್ಲ. ಬಿಸಿ ತಡೆಯದ ಬೊಂಬೆಗಳನ್ನು ಚೀಲದಲ್ಲಿ ಕಟ್ಟಿ 24 ಗಂಟೆ ಫ್ರೀಜರಿನಲ್ಲಿಡಿ, ಆಮೇಲೆ ಒಗೆಯಿರಿ. ಚಳಿ ಹುಳವನ್ನು ಕೊಲ್ಲುತ್ತದೆ, ಹಿಕ್ಕೆ ಹಾಗೇ ಉಳಿಯುತ್ತದೆ. ಹಾಸಿಗೆ ದಿಂಬುಗಳಿಗೆ ಹುಳ ದಾಟದಂಥ ಬಿಗಿ ನೇಯ್ಗೆಯ ಕವರು ಹಾಕಿ. ದಪ್ಪ ಪರದೆ, ಕಾರ್ಪೆಟ್, ಹಾಸಿಗೆ ಕೆಳಗೆ ತುಂಬಿಟ್ಟ ಹಳೆ ಬಟ್ಟೆಯ ಮೂಟೆ, ಇವೆಲ್ಲ ಕೋಣೆಯಿಂದ ಆಚೆ.

ತೇವವೂ ಮುಖ್ಯ. ಈ ಹುಳ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಕೋಣೆಯ ಆರ್ದ್ರತೆ ಶೇ. 50ಕ್ಕಿಂತ ಕೆಳಗಿದ್ದರೆ ಅದಕ್ಕೆ ಕಷ್ಟ. ಬೂಷ್ಟಿಗೂ ಅಷ್ಟೇ. ಹಾಗಾಗಿ ಸೋರುವ ಪೈಪು, ಕೋಣೆಯೊಳಗೆ ಬಟ್ಟೆ ಒಣಗಿಸುವ ಅಭ್ಯಾಸ ಎರಡನ್ನೂ ಸರಿ ಮಾಡಿ.

ಒಂದು ಎಚ್ಚರಿಕೆ: ಬರೀ ಕವರು ತಂದು ಹಾಕಿ ಕೂತರೆ ಸಾಲದು. 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಕವರಿನಿಂದ ಹಾಸಿಗೆಯ ಹುಳದ ಅಂಶ ಇಳಿಯಿತು, ರೋಗಿಗಳ ಸೀನು ಮಾತ್ರ ಇಳಿಯಲಿಲ್ಲ. ಹಲವು ಕ್ರಮ ಒಟ್ಟಿಗೆ ಸೇರಿದಾಗಲೇ ಫಲ ಸಿಗುವ ಸಾಧ್ಯತೆ ಹೆಚ್ಚು.

ಗುಡಿಸುವಾಗ ಧೂಳು ಏಳುತ್ತದೆ, ಅದಕ್ಕೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಖಕ್ಕೆ ಮಾಸ್ಕ್ ಹಾಕಿ. ಅಲರ್ಜಿ ಇಲ್ಲದವರು ಮನೆಯಲ್ಲಿದ್ದರೆ ಆ ಕೆಲಸ ಅವರಿಗೇ ವಹಿಸಿ, ಸಂಕೋಚ ಬೇಡ.

ಏರ್ ಪ್ಯೂರಿಫೈಯರ್ ತಗೊಳ್ಳಬೇಕಾ?

ಯಾವುದಕ್ಕೆ ಅಲರ್ಜಿ ಅನ್ನುವುದರ ಮೇಲೆ ನಿಂತಿದೆ. ಒಳ್ಳೆಯ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ. ಆದರೆ ಕಣ ಗಾಳಿಯಲ್ಲಿ ತೇಲಿದರೆ ತಾನೇ ಯಂತ್ರಕ್ಕೆ ಸಿಗುವುದು? ಬೆಕ್ಕಿನ ಅಲರ್ಜಿ ಕಣಗಳು ಬಹಳ ಸಣ್ಣವು, ಗಂಟೆಗಟ್ಟಲೆ ತೇಲುತ್ತವೆ. ಅಲ್ಲಿ ಯಂತ್ರ ಸಹಾಯ ಮಾಡೀತು. ಹೊಗೆಗೂ ಹಾಗೇ. ಹುಳದ ಹಿಕ್ಕೆ ತುಲನೆಯಲ್ಲಿ ದೊಡ್ಡದು, ಬೇಗ ಕೆಳಗೆ ಕೂರುತ್ತದೆ. ಹುಳದ ಅಲರ್ಜಿಗಾಗಿ ಮಾತ್ರ ದುಬಾರಿ ಯಂತ್ರ ತರುವ ಮುಂಚೆ ಹಾಸಿಗೆ ಸರಿ ಮಾಡಿ.

ಓಝೋನ್ ಹೊರಬಿಡುವ ಯಂತ್ರಗಳನ್ನು ತರಲೇಬೇಡಿ. ಓಝೋನ್ ಶ್ವಾಸಕೋಶಕ್ಕೆ ಕಿರಿಕಿರಿ ಮಾಡುತ್ತದೆ.

ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧ ಆಗುತ್ತಂತೆ?

ಆ ಮಾತಿಗೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ, ನೋಡಿದ್ದು ಕೆಲವು ರಾಸಾಯನಿಕಗಳನ್ನು. ಪರಾಗಕ್ಕೂ ಧೂಳಿನ ಹುಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಗಿಡ ಇಷ್ಟ ಅಂದರೆ ಇಟ್ಟುಕೊಳ್ಳಿ. ಕುಂಡದ ಮಣ್ಣು ಸದಾ ಒದ್ದೆ ಇದ್ದರೆ ಬೂಷ್ಟು ಬರುತ್ತದೆ, ಅಷ್ಟು ನೋಡಿಕೊಳ್ಳಿ.

ಪರಾಗದ ಕಾಲದಲ್ಲಿ ಹೊರಗೆ ಹೋಗದೆ ಇರೋಕಾಗುತ್ತಾ?

ಆಗುವುದಿಲ್ಲ, ಹಾಗೆ ಇರಬೇಕಾಗಿಯೂ ಇಲ್ಲ. ಒಣ ಹವೆ, ಜೋರು ಗಾಳಿ ಇರುವ ದಿನ ಪರಾಗ ಹೆಚ್ಚು ಹಾರುತ್ತದೆ. ಒಳ್ಳೆಯ ಮಳೆ ಬಿದ್ದ ಮೇಲೆ ಕಡಿಮೆ. ವಾಕಿಂಗ್ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಹೊರಗೆ ಕಣ್ಣಿನ ಬದಿಯನ್ನೂ ಮುಚ್ಚುವ ಕನ್ನಡಕ ಮತ್ತು ಮಾಸ್ಕ್ ಹಾಕಿ. 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ ಮಾಸ್ಕ್ ಹಾಕಿದ್ದ ಅಲರ್ಜಿಯ ನರ್ಸ್‌ಗಳನ್ನು ಕೇಳಿದಾಗ ಅನೇಕರು ತಮ್ಮ ಮೂಗಿನ ಕಾಟ ಇಳಿದಿದೆ ಅಂದರು. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಮುಖ ತೊಳೆಯಿರಿ. ರಾತ್ರಿ ಮಲಗುವ ಮುಂಚೆ ತಲೆಗೆ ನೀರು ಹಾಕಿಕೊಂಡರೆ ಕೂದಲಲ್ಲಿ ಕೂತ ಪರಾಗ ದಿಂಬಿಗೆ ಹೋಗುವುದಿಲ್ಲ. ಆ ಕಾಲದಲ್ಲಿ ಬಟ್ಟೆಯನ್ನು, ಅದರಲ್ಲೂ ಹಾಸಿಗೆ ಬಟ್ಟೆಯನ್ನು ಹೊರಗೆ ಒಣಹಾಕಬೇಡಿ.

ಕಣ್ಣು ಸೆಳೆಯುವ ಬಣ್ಣದ ಹೂಗಳನ್ನು ಸುಮ್ನೆ ದೂರಬೇಡಿ. ಅವುಗಳ ಪರಾಗ ಭಾರ, ಅಂಟಂಟು, ಸಾಗಿಸುವ ಕೆಲಸ ಹೆಚ್ಚಾಗಿ ಹುಳಗಳದ್ದು. ಮೂಗಿಗೆ ಕಾಟ ಕೊಡುವುದು ಗಾಳಿಗೆ ಪರಾಗ ತೂರುವ ಹುಲ್ಲು, ಕಳೆ, ಕೆಲವು ಮರಗಳು. ಅವುಗಳ ಹೂವನ್ನು ನಾವು ಗಮನಿಸುವುದೇ ಇಲ್ಲ.

ಗುಡುಗು ಮಳೆಯ ಬಗ್ಗೆ ಒಂದು ಮಾತು. ಮಳೆಯಿಂದ ಪರಾಗ ಇಳಿಯುತ್ತದೆ ಅಂದೆನಲ್ಲ, ಗುಡುಗು ಗಾಳಿ ಏಳುವ ಹೊತ್ತು ಅದಕ್ಕೆ ಅಪವಾದ. ಹುಲ್ಲಿನ ಪರಾಗ ತೇವಕ್ಕೆ ಒಡೆದು ಚೂರಾಗಿ, ಆ ಚೂರುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗಾಗಿ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಪರಾಗದ ಅಲರ್ಜಿ, ಆಸ್ತಮಾ ಎರಡೂ ಇರುವವರು ಅಂಥ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಒಳಗಿರಿ.

ಬೆಕ್ಕು ಅಥವಾ ನಾಯಿಯನ್ನು ಬೇರೆಯವರಿಗೆ ಕೊಡಲೇಬೇಕಾ?

ಕಷ್ಟದ ಪ್ರಶ್ನೆ. ಅಲರ್ಜಿ ತರುವ ಪ್ರೋಟೀನು ಪ್ರಾಣಿಯ ಜೊಲ್ಲು, ಚರ್ಮದ ಹೊಟ್ಟಿನಲ್ಲಿರುತ್ತದೆ, ಕೂದಲು ಅದನ್ನು ಹೊತ್ತು ತರುತ್ತದೆ ಅಷ್ಟೇ. ಹಾಗಾಗಿ "ಅಲರ್ಜಿ ಬಾರದ ತಳಿ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಕೊಡುವ ಮನಸ್ಸಿಲ್ಲ ಅಂದರೆ ಮಲಗುವ ಕೋಣೆಗೆ ಬಿಡಲೇಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಕೊಟ್ಟರೂ ಮನೆಯಲ್ಲಿ ಅದರ ಅಂಶ ತಿಂಗಳುಗಟ್ಟಲೆ ಉಳಿದಿರುತ್ತದೆ. ಒಂದು ವಾರಕ್ಕೆ ವ್ಯತ್ಯಾಸ ಕಾಣಲಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ.

ಹಬೆ ತಗೊಂಡರೆ ಒಳ್ಳೆಯದಾ?

ತುಸು ಹೊತ್ತು ಹಾಯೆನಿಸುತ್ತದೆ. ಬೆಚ್ಚಗಿನ ತೇವಕ್ಕೆ ಗಟ್ಟಿ ಕಫ ಸಡಿಲವಾಗುತ್ತದೆ. ಅಲರ್ಜಿಯ ಮೂಲಕ್ಕೆ ಅದರಿಂದ ಏನೂ ಆಗುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಮುಸುಕು ಹಾಕಿ ಕೂತು ಸುಟ್ಟುಕೊಂಡವರು ಬಹಳ, ಅದರಲ್ಲೂ ಮಕ್ಕಳು. ಮಕ್ಕಳಿಗೆ ಪಾತ್ರೆಯ ಹಬೆ ಬೇಡವೇ ಬೇಡ. ದೊಡ್ಡವರಿಗೂ ಬಿಸಿನೀರಿನ ಸ್ನಾನದ ಹಬೆ ಸಾಕು.

ಮೆಂಥಾಲ್, ನೀಲಗಿರಿ ಎಣ್ಣೆ ಮೂಸಿದಾಗ ಮೂಗು ತೆರೆದಂತೆ ಅನಿಸುತ್ತದಲ್ಲ?

ಅನಿಸುತ್ತದೆ, ತೆರೆಯುವುದಿಲ್ಲ. ಮೆಂಥಾಲ್ ಮೂಗಿನ ತಂಪು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ತಂಪು ಗಾಳಿ ಓಡಾಡಿದ ಹಾಗೆ ಮಿದುಳಿಗೆ ತೋರುತ್ತದೆ. ಅಳತೆ ಮಾಡಿ ನೋಡಿದರೆ ಗಾಳಿಯ ದಾರಿ ಅಷ್ಟೇ ಇರುತ್ತದೆ. ರಾತ್ರಿ ನಿದ್ದೆ ಬರಲು ಆ ಭಾವನೆಯೇ ಸಾಕಾದರೆ ದೊಡ್ಡವರು ಬಳಸಲಿ, ತಪ್ಪಿಲ್ಲ. ಕೆಲವರಿಗೆ ಆ ಘಾಟೇ ಸೀನು ತರುತ್ತದೆ ಅನ್ನುವುದು ಬೇರೆ ಮಾತು. 2 ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್ ಮುಲಾಮು ಹಚ್ಚಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಮೂಗಿಗೆ ಎಣ್ಣೆ ಬಿಟ್ಟುಕೊಳ್ಳಬಹುದಾ?

ನಾನು ಬೇಡ ಅನ್ನುತ್ತೇನೆ. ದಿನಾ ಬಿಟ್ಟ ಎಣ್ಣೆ ಸ್ವಲ್ಪ ಸ್ವಲ್ಪವೇ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರಬಹುದು. ಪರಾಗದ ಕಾಲದಲ್ಲಿ ಹೊಳ್ಳೆಯ ಹೊರ ಅಂಚಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರುವುದು ಬೇರೆ. ಅದು ಪರಾಗವನ್ನು ಬಾಗಿಲಲ್ಲೇ ಹಿಡಿಯುತ್ತದೆ, ಒಳಕ್ಕೆ ತಳ್ಳಬೇಡಿ.

ಜೇನುತುಪ್ಪ ತಿಂದರೆ ಪರಾಗದ ಅಲರ್ಜಿ ಹೋಗುತ್ತಾ?

ಕೇಳಲು ತರ್ಕ ಚೆನ್ನಾಗಿದೆ: ಜೇನಿನಲ್ಲಿ ಸ್ವಲ್ಪ ಪರಾಗ ಇದೆ, ದಿನಾ ತಿಂದರೆ ದೇಹಕ್ಕೆ ಅಭ್ಯಾಸ ಆಗುತ್ತದೆ. ತೊಂದರೆ ಏನೆಂದರೆ ಜೇನುಹುಳ ತರುವುದು ಹೆಚ್ಚಾಗಿ ಹೂಗಳ ಭಾರದ ಪರಾಗ. ನಿಮ್ಮ ಮೂಗಿಗೆ ಕಾಟ ಕೊಡುವುದು ಗಾಳಿಯ ಪರಾಗ. 2002ರ ಸಣ್ಣ ಅಧ್ಯಯನವೊಂದರಲ್ಲಿ ಸ್ಥಳೀಯ ಜೇನು ತಿಂದವರಿಗೂ ಜೇನಿನ ರುಚಿಯ ಪಾಕ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಗಂಟಲ ಕೆರೆತಕ್ಕೆ ಹಿತ ಅನಿಸಿದರೆ ತಿನ್ನಿ. 1 ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು, ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು.

ಗಿಡಮೂಲಿಕೆ, ವಿಟಮಿನ್ ಸಿ, ಕ್ವೆರ್ಸೆಟಿನ್ ಮಾತ್ರೆಗಳು?

ಪ್ರಯೋಗಾಲಯದಲ್ಲಿ ಮಾಸ್ಟ್ ಕೋಶವನ್ನು ಶಾಂತ ಮಾಡಿದ ವಸ್ತುಗಳು ಬಹಳ ಇವೆ. ಮನುಷ್ಯರ ಮೂಗಿನಲ್ಲಿ ಗೆದ್ದವು ತೀರಾ ಕಡಿಮೆ. ವಿಟಮಿನ್ ಸಿ, ಕ್ವೆರ್ಸೆಟಿನ್ (ಅನೇಕ ಹಣ್ಣು, ತರಕಾರಿಯಲ್ಲಿರುವ ಒಂದು ಅಂಶ) ಎರಡಕ್ಕೂ ಪುರಾವೆ ತೆಳು. ಬಟರ್‌ಬರ್ ಅನ್ನುವ ಗಿಡದ ಸಾರ 2002ರ ಒಂದು ಪರೀಕ್ಷೆಯಲ್ಲಿ ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆಗೆ ಸಮನಾಗಿ ನಿಂತಿತು. ಆದರೆ ಆ ಗಿಡದಲ್ಲಿ ಯಕೃತ್ತಿಗೆ ವಿಷವಾಗುವ ಆಲ್ಕಲಾಯ್ಡ್ ಇದೆ, ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಅಂದರೆ ಚೆನ್ನಾಗಿ ಕೆಲಸ ಮಾಡಿದ ಈ ಮೂಲಿಕೆಯನ್ನೇ ನಿಶ್ಚಿಂತೆಯಿಂದ ತಿನ್ನುವ ಹಾಗಿಲ್ಲ!

ಬೇರೆ ಔಷಧಿ ತೆಗೆದುಕೊಳ್ಳುವವರು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಯಾವ ಮೂಲಿಕೆಯನ್ನೂ ವೈದ್ಯರಿಗೆ ಹೇಳದೆ ಶುರು ಮಾಡಬೇಡಿ.

ಆಕ್ಯುಪಂಕ್ಚರ್?

ಕೆಲವು ಅಧ್ಯಯನಗಳಲ್ಲಿ ಸ್ವಲ್ಪ ಮಟ್ಟಿಗೆ ಉಪಯೋಗ ಕಂಡಿದೆ. ನುರಿತವರು, ಹೊಸ ಸೂಜಿ ಬಳಸುವವರು ಸಿಕ್ಕರೆ ಪ್ರಯತ್ನಿಸಬಹುದು. ನಾನಂತೂ ಆ ಹಣವನ್ನು ಮೊದಲು ಹಾಸಿಗೆ ಕವರಿಗೆ ಹಾಕುತ್ತೇನೆ.

ರಾತ್ರಿ ಮಲಗಿದ ಕೂಡಲೇ ಮೂಗು ಕಟ್ಟುತ್ತದೆ. ಏನು ಮಾಡಲಿ?

ಮಲಗಿದಾಗ ತಲೆಯ ಕಡೆ ರಕ್ತ ಹೆಚ್ಚು ಸೇರಿ ಮೂಗಿನ ಪದರ ಉಬ್ಬುತ್ತದೆ. ತಲೆ ಕಡೆ ಮಂಚವನ್ನೇ ಸ್ವಲ್ಪ ಎತ್ತರಿಸಿ, ಇಲ್ಲವೇ ಭುಜದಿಂದಲೇ ಏರುವಂತೆ ದಿಂಬು ಜೋಡಿಸಿ. ಬಲ ಮಗ್ಗುಲಿಗೆ ಮಲಗಿದರೆ ಬಲ ಹೊಳ್ಳೆ, ಎಡಕ್ಕೆ ತಿರುಗಿದರೆ ಎಡ ಹೊಳ್ಳೆ ಕಟ್ಟುವುದು ಸಹಜ. ಹಗಲಿನಲ್ಲೂ ಕೆಲವು ಗಂಟೆಗೊಮ್ಮೆ ಒಂದು ಹೊಳ್ಳೆ ಬಿಗಿಯಾಗಿ ಇನ್ನೊಂದು ತೆರೆಯುತ್ತಿರುತ್ತದೆ. ಅದು ಹೆಚ್ಚಿನವರ ಮೂಗಿನ ಲಯ, ಕಾಯಿಲೆ ಅಲ್ಲ.

ಚುರುಕಾಗಿ ನಡೆದರೆ ಮೂಗು ತೆರೆಯುವುದನ್ನು ಗಮನಿಸಿದ್ದೀರಾ? ವ್ಯಾಯಾಮದಲ್ಲಿ ಮೂಗಿನ ರಕ್ತನಾಳಗಳು ಕುಗ್ಗುತ್ತವೆ. ಪರಾಗದ ದಿನಗಳಲ್ಲಿ ಅದನ್ನು ಮನೆಯೊಳಗೇ ಮಾಡಿ. ಸಿಗರೇಟಿನ ಹೊಗೆ, ಘಾಟು ವಾಸನೆಯ ಸ್ಪ್ರೇಗಳು ಅಲರ್ಜಿ ಅಲ್ಲದಿದ್ದರೂ ಊದಿದ ಮೂಗನ್ನು ಮತ್ತಷ್ಟು ಕೆರಳಿಸುತ್ತವೆ. ಮದ್ಯವೂ ಕೆಲವರ ಮೂಗು ಕಟ್ಟಿಸುತ್ತದೆ.

ಹಾಲು ಬಿಡಬೇಕಾ? ಖಾರ ತಿಂದಾಗ ಮೂಗು ಸೋರುತ್ತದೆ, ಅದೂ ಅಲರ್ಜಿನಾ?

ಹಾಲಿನಿಂದ ಕಫ ಹೆಚ್ಚು ಹುಟ್ಟುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬಾಯಲ್ಲಿ ಜೊಲ್ಲಿನ ಜೊತೆ ಬೆರೆತು ಮಂದ ಅನಿಸುತ್ತದೆ ಅಷ್ಟೇ. ಖಾರಕ್ಕೆ ಸೋರುವುದು ನರದ ಪ್ರತಿಕ್ರಿಯೆ, ಅಲರ್ಜಿ ಅಲ್ಲ.

ಆದರೆ ಹಸಿ ಹಣ್ಣು ತಿಂದಾಗ ಬಾಯಿ, ತುಟಿ ತುರಿಸಿದರೆ ಗಮನ ಕೊಡಿ. ಕೆಲವು ಹಣ್ಣಿನ ಪ್ರೋಟೀನು ಪರಾಗದ ಪ್ರೋಟೀನನ್ನು ಹೋಲುತ್ತದೆ. ಬರ್ಚ್ ಮರದ ಪರಾಗದ ಅಲರ್ಜಿ ಇರುವವರಿಗೆ ಸೇಬು ಹೀಗೆ ಮಾಡುವುದುಂಟು. ಬೇಯಿಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗಂಟಲು ಬಿಗಿದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಅದು ತುರ್ತು ಪರಿಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಮಕ್ಕಳಲ್ಲಿ ಗೊತ್ತಾಗೋದು ಹೇಗೆ?

ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ, ಅದರಿಂದ ಮೂಗಿನ ಮೇಲೆ ಅಡ್ಡ ಗೆರೆ, ಕಣ್ಣಿನ ಕೆಳಗೆ ಕಪ್ಪು, ಬಾಯಿ ತೆರೆದು ಮಲಗುವುದು, ಶಾಲೆಯಲ್ಲಿ ತೂಕಡಿಕೆ. ಸಣ್ಣ ಮಕ್ಕಳಿಗೆ ನೀರು ತುಂಬಿ ತೊಳೆಯುವ ಬದಲು ಉಪ್ಪುನೀರಿನ ಹನಿ ಅಥವಾ ಸ್ಪ್ರೇ ಸುಲಭ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸೋರಿಕೆ ಇದ್ದರೆ ಮಗು ಮಣಿಯನ್ನೋ ಬೀಜವನ್ನೋ ಒಳಗೆ ತುರುಕಿಕೊಂಡಿರಬಹುದು. ನೀವೇ ತೆಗೆಯಲು ಹೋಗಬೇಡಿ.

ಬಸುರಿಯರು?

ಉಪ್ಪುನೀರು, ತಲೆ ಎತ್ತರಿಸಿ ಮಲಗುವುದು, ಹಾಸಿಗೆಯ ಶುಚಿ ಎಲ್ಲ ನಿರಾತಂಕ. ಮೂಲಿಕೆಗಳು ಬೇಡ. ಬಸಿರಿನಲ್ಲಿ ಅಲರ್ಜಿ ಇಲ್ಲದೆಯೂ ಮೂಗು ಕಟ್ಟುವುದುಂಟು, ಹೆರಿಗೆಯ ನಂತರ ತಾನಾಗಿ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಕಡಿಮೆ ಆಗದಿದ್ದರೆ ಔಷಧಿ ತಗೊಂಡರೆ ಅಭ್ಯಾಸ ಆಗಿಬಿಡುತ್ತಾ?

ಈ ಭಯದಲ್ಲಿ ಸುಮ್ನೆ ನರಳುವವರು ಬಹಳ ಜನ. ವೈದ್ಯರು ಕೊಡುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಚಟ ಹಿಡಿಸುವುದಿಲ್ಲ. ಅಲರ್ಜಿಯ ಮೂಗಿಗೆ ಸಿಗುವ ಔಷಧಿಗಳಲ್ಲಿ ಹೆಚ್ಚು ಪರಿಣಾಮಕಾರಿ ಅದೇ, ಆದರೆ ಪೂರ್ತಿ ಫಲಕ್ಕೆ ದಿನಾ ಹಾಕಿ ಒಂದೆರಡು ವಾರ ಕಾಯಬೇಕು.

ಮೂಗು ಕೂಡಲೇ ತೆರೆಯುವ ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಹನಿಗಳ ವಿಷಯ ಬೇರೆ. 3 ದಿನಕ್ಕಿಂತ ಹೆಚ್ಚು ಹಾಕಿದರೆ ಬಿಟ್ಟ ಕೂಡಲೇ ಮೂಗು ಮುಂಚಿಗಿಂತ ಗಟ್ಟಿಯಾಗಿ ಕಟ್ಟಬಹುದು, ಮತ್ತೆ ಹಾಕಬೇಕಾಗುತ್ತದೆ. ಅಭ್ಯಾಸದ ಭಯ ಇರಬೇಕಾದ್ದು ಇವುಗಳ ಬಗ್ಗೆ.

ಯಾವಾಗ ವೈದ್ಯರ ಹತ್ತಿರ ಹೋಗಲೇಬೇಕು?

ಎದೆಯಲ್ಲಿ ಸುಂಯ್ ಸದ್ದು, ಉಸಿರು ಸಾಲದಿದ್ದರೆ ತಡ ಮಾಡಬೇಡಿ. ಆಸ್ತಮಾ ಇರುವವರಲ್ಲಿ ಹೆಚ್ಚಿನವರಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗು, ಶ್ವಾಸಕೋಶ ಎರಡೂ ಒಂದೇ ದಾರಿ. ಯಾವಾಗಲೂ ಒಂದೇ ಹೊಳ್ಳೆ ಕಟ್ಟುವುದು, ಒಂದೇ ಕಡೆಯಿಂದ ರಕ್ತ, ಜ್ವರದ ಜೊತೆ ಮುಖದ ನೋವು, ವಾಸನೆಯೇ ಗೊತ್ತಾಗದಿರುವುದು, ಇವೂ ತೋರಿಸಬೇಕಾದ ಲಕ್ಷಣಗಳು. ತಲೆಗೆ ಪೆಟ್ಟಾದ ಮೇಲೆ ಒಂದು ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮಿದುಳಿನ ಸುತ್ತಲ ದ್ರವ ಇರಬಹುದು, ಅವತ್ತೇ ಹೋಗಿ.

ಇದು ಪೂರ್ತಿ ವಾಸಿ ಆಗುವ ದಾರಿ ಇದೆಯಾ?

ಕೆಲವರಿಗೆ ವಯಸ್ಸಾದಂತೆ ತಾನಾಗಿ ಇಳಿಯುತ್ತದೆ, ಕೆಲವರಿಗೆ ನಡುವಯಸ್ಸಿನಲ್ಲಿ ಹೊಸದಾಗಿ ಬರುತ್ತದೆ. ಮೂಲಕ್ಕೆ ಕೈ ಹಾಕುವ ಚಿಕಿತ್ಸೆ ಅಂದರೆ ಇಮ್ಯುನೋಥೆರಪಿ. ಅಲರ್ಜಿ ತರುವ ವಸ್ತುವನ್ನೇ ಅಳತೆ ಮಾಡಿ, ಚುಚ್ಚುಮದ್ದಾಗಿ ಅಥವಾ ನಾಲಿಗೆಯ ಕೆಳಗೆ ಇಡುವ ಮಾತ್ರೆಯಾಗಿ ಕೊಡುತ್ತಾರೆ. 1911ರಲ್ಲಿ ಇಂಗ್ಲಿಷ್ ವೈದ್ಯ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರ ಚುಚ್ಚಿ ಇದನ್ನು ಶುರು ಮಾಡಿದರು. ಜೇನಿನ ಕಥೆಯಲ್ಲಿ ಜನ ನಂಬುವ ತರ್ಕವೇ ಇಲ್ಲಿಯೂ ಇರುವುದು, ಆದರೆ ಸರಿಯಾದ ಪರಾಗ, ಸರಿಯಾದ ಪ್ರಮಾಣದಲ್ಲಿ. ಸಾಮಾನ್ಯವಾಗಿ 3ರಿಂದ 5 ವರ್ಷ ಬೇಕು. ಚುಚ್ಚುಮದ್ದಾದರೆ ಪ್ರತಿ ಸಲವೂ ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳುತ್ತಾರೆ, ಯಾಕೆಂದರೆ ಅಪರೂಪಕ್ಕೆ ತೀವ್ರ ಪ್ರತಿಕ್ರಿಯೆ ಆಗುವುದುಂಟು.